ಬೆಟ್ಟ ಹತ್ತಿಸುವ ಗೈಡ್ ಒಬ್ಬರ ಮಗ ಅಡಾಲ್ಫ್ ಓಗಿ ಸ್ವಿಟ್ಜರ್ಲೆಂಡಿನ ಅಧ್ಯಕ್ಷರಾಗಿದ್ದು ಹೇಗೆ?

ಸ್ಕೀಯಿಂಗ್ ಮೂಲಕ. ಓಗಿ ಹುಟ್ಟಿದ್ದು 1942ರಲ್ಲಿ, ಆಲ್ಪ್ಸ್‌ನ ಕಾಂಡರ್‌ಸ್ಟೆಗ್ ಹಳ್ಳಿಯಲ್ಲಿ. ವಿಶ್ವವಿದ್ಯಾಲಯದ ಡಿಗ್ರಿ ಇರಲಿಲ್ಲ. ಆದರೆ 1972ರ ಸಪ್ಪೊರೊ ಒಲಿಂಪಿಕ್ಸ್‌ನಲ್ಲಿ ಸ್ವಿಸ್ ತಂಡ 10 ಪದಕ ಗೆದ್ದಾಗ ಸ್ಕೀ ಒಕ್ಕೂಟದ ತಾಂತ್ರಿಕ ನಿರ್ದೇಶಕರು ಇವರೇ, ಹಾಗಾಗಿ ಮನೆಮಾತಾದರು. 1979ರಲ್ಲಿ ಸಂಸತ್ತಿಗೆ ಆಯ್ಕೆಯಾದರು, 1988ರಿಂದ 2000ದವರೆಗೆ ಮಂತ್ರಿಯಾಗಿದ್ದರು.

ಅಲ್ಲಿ ಸಂಸತ್ತು 7 ಮಂತ್ರಿಗಳನ್ನು ಆರಿಸುತ್ತದೆ, ಅಧ್ಯಕ್ಷ ಸ್ಥಾನ ಅವರೊಳಗೇ ವರ್ಷಕ್ಕೊಬ್ಬರಂತೆ ಸುತ್ತುತ್ತದೆ. ಹೀಗೆ 1993 ಮತ್ತು 2000ರಲ್ಲಿ ಓಗಿ ಸರದಿ ಬಂತು. ನನಗೆ ಜಾಸ್ತಿ ಇಷ್ಟವಾಗುವುದು ಬೇರೆ: ಲಾರಿಗಳ ಸರಕು ರೈಲಿಗೆ ಹೋಗಲಿ ಅಂತ ಆಲ್ಪ್ಸ್ ಅಡಿಯ ಸುರಂಗಗಳಿಗಾಗಿ ಓಡಾಡಿ, 1992ರಲ್ಲಿ ಜನರ ಮತದಿಂದಲೇ ಒಪ್ಪಿಗೆ ಪಡೆದರು. 57 ಕಿ.ಮೀ. ಉದ್ದದ ಗೊಟ್‌ಹಾರ್ಡ್ ಸುರಂಗ ತೆರೆದದ್ದು 2016ರಲ್ಲಿ.