ಹಳೆ ಬೈಕಿಗೆ ಇ20 ಪೆಟ್ರೋಲ್ ಹಾಕಿಸಬಹುದಾ?

ನಿಮ್ಮದು 2016ರ ಬೈಕು, ಬೀದರ್‌ನಿಂದ ಹುಮನಾಬಾದ್‌ಗೆ ದಿನಾ ಓಡಾಟ ಅಂದಿರಿ. ಹಾಕಿಸಿ, ಭಯ ಬೇಡ. ಬೇಡ ಅಂದರೂ ಈಗ ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗೋದು ಅದೇ, ಅಲ್ವಾ?

ಇ20 ಅಂದರೆ ಪೆಟ್ರೋಲಿನಲ್ಲಿ 20% ಎಥನಾಲ್, ಅಂದರೆ ಕಬ್ಬು, ಧಾನ್ಯಗಳಿಂದ ಮಾಡುವ ಮದ್ಯಸಾರ. ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುತ್ತದೆ. ನೀತಿ ಆಯೋಗದ 2021ರ ವರದಿ ಹಳೆ ಬೈಕುಗಳಿಗೆ 3-4%, ಕಾರುಗಳಿಗೆ 6-7% ಅಂದಿತ್ತು. 50 ಕಿ.ಮೀ. ಕೊಡುವ ಬೈಕು 48 ಕೊಡಬಹುದು. ಅರ್ಧಕ್ಕರ್ಧ ಇಳಿದಿದೆ ಅನ್ನುವವರು ಮೊದಲು ಟೈರಿನ ಗಾಳಿ, ಏರ್ ಫಿಲ್ಟರ್ ನೋಡಲಿ.

ನಿಜವಾದ ತೊಂದರೆ ರಬ್ಬರಿನದು. 2023ರ ಏಪ್ರಿಲ್ ನಂತರದ ಗಾಡಿಗಳ ಪೈಪ್, ಸೀಲ್‌ಗಳು ಇ20 ತಾಳುವಂಥವು. ನಿಮ್ಮದರಲ್ಲಿ ಅವು ಬೇಗ ಹಾಳಾಗಿ ಪೆಟ್ರೋಲ್ ಸೋರಬಹುದು. ಸರ್ವಿಸ್‌ಗೆ ಬಿಟ್ಟಾಗಲೆಲ್ಲ ಪೈಪ್, ಕಾರ್ಬೊರೇಟರ್ ಗ್ಯಾಸ್ಕೆಟ್ ನೋಡಲು ಹೇಳಿ, ದೊಡ್ಡ ಖರ್ಚಲ್ಲ. ಎಥನಾಲ್ ನೀರಿನಂಶ ಎಳೆದುಕೊಳ್ಳುತ್ತದೆ, ಅದಕ್ಕೆ ಮಳೆಗಾಲದಲ್ಲಿ ಗಾಡಿಯನ್ನು ತಿಂಗಳುಗಟ್ಟಲೆ ಸುಮ್ನೆ ನಿಲ್ಲಿಸಬೇಡಿ.

ನಮ್ಮ ಕಡೆ ಕಬ್ಬು ಬೆಳೆಯುವವರಿಗೆ ಇದರಿಂದ ಲಾಭ ಅಂತಾರೆ, ಇರಲಿ. ಆದರೆ ಮೈಲೇಜ್ ಇಳಿಯುವುದಕ್ಕೆ ತಕ್ಕಂತೆ ಬೆಲೆಯೂ ಕಡಿಮೆ ಇರಬೇಕು ಅಂತ ಅದೇ ವರದಿ ಹೇಳಿತ್ತು. ಗಾಡಿ ಓಡಿಸುವವರ ಸಿಟ್ಟು ಅಲ್ಲಿ ನ್ಯಾಯವೇ.