ನೀವು ಕೇಳಿದ್ದು: ಗಟ್ಟಿ ಕಂಬ ಬೇರೆ, ಏಟು ತಡ್ಕೊಳ್ಳೋ ಕಂಬ ಬೇರೆ

ಪ್ರಶ್ನೆ: ಸರ್, ಗೋಡೌನ್ ಒಳಗೆ ಫೋರ್ಕ್‌ಲಿಫ್ಟ್ ಬಂದು ಗುದ್ದಬಾರ್ದು ಅಂತ ರ‍್ಯಾಕ್ ಮುಂದೆ ಕಬ್ಬಿಣದ ಕಂಬ ನೆಡಿಸ್ತಾ ಇದೀವಿ. ಎರಡು ಟೆಸ್ಟ್ ರಿಪೋರ್ಟ್ ಕೈಯಲ್ಲಿದೆ. ಮೊದಲನೇದ್ರಲ್ಲಿ ಗರಿಷ್ಠ ಲೋಡ್ ಜಾಸ್ತಿ, ಎರಡನೇದ್ರಲ್ಲಿ ಲೋಡ್ ಕಡಿಮೆ ಆದ್ರೆ ಎನರ್ಜಿ ಜಾಸ್ತಿ ಅಂತ ಇದೆ. ಯಾವುದು ಗಟ್ಟಿ?

ಉತ್ತರ: ಗಟ್ಟಿ ಅಂದ್ರೆ ಮೊದಲನೇದೇ. ಆದ್ರೆ ನಿಮ್ಮ ಕೆಲ್ಸಕ್ಕೆ ಬೇಕಾಗಿರೋದು ಎರಡನೇದು, ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಈ ಒಂದು ವಿಷ್ಯದಲ್ಲಿ ಎಷ್ಟೋ ಜನ ತಪ್ಪು ಮಾಡೋದನ್ನ ನೋಡಿ ನನಗೆ ನಿಜವಾಗ್ಲೂ ಬೇಜಾರಾಗಿದೆ.

ಲೆಕ್ಕಕ್ಕೆ ಅಂತ ಎರಡು ಕಂಬ ತಗೊಳ್ಳೋಣ. ಮೊದಲನೇ ಕಂಬದ ಮೇಲೆ ಬಲ ಒಂದೇ ಸಮ ಏರ್ತಾ 100 ಕಿಲೋನ್ಯೂಟನ್ (ಸುಮಾರು 10 ಟನ್ ತೂಕದಷ್ಟು ಬಲ) ತನಕ ತಡ್ಕೊಂಡು, 1 ಸೆಂಟಿಮೀಟರ್ ಸರಿದಾಗ ಫಟ್ ಅಂತ ಮುರೀತು. ಎರಡನೇದು 40 ಕಿಲೋನ್ಯೂಟನ್‌ಗೇ ಬಾಗೋಕೆ ಶುರು ಮಾಡ್ತು, ಆದ್ರೆ ಅದೇ ಬಲದಲ್ಲಿ ಎದುರು ಒತ್ತುತ್ತಾ 30 ಸೆಂಟಿಮೀಟರ್ ತನಕ ಮುರೀದೇ ಬಾಗ್ತಾ ಹೋಯ್ತು. ಕಂಬ ಎಷ್ಟು ಎನರ್ಜಿ ತಿಂತು ಅನ್ನೋದು ಎಷ್ಟು ಸರಿದಾಗ ಎಷ್ಟು ಬಲ ಇತ್ತು ಅಂತ ತೋರ್ಸೋ ಲೋಡ್ ಗ್ರಾಫ್‌ನ ತುದಿ ನೋಡಿದ್ರೆ ಗೊತ್ತಾಗಲ್ಲ, ಗ್ರಾಫ್ ಗೆರೆ ಕೆಳಗಿರೋ ಜಾಗ ಎಷ್ಟು ಅಂತ ಅಳೀಬೇಕು. ಹಾಗೆ ಅಳೆದ್ರೆ ಮೊದಲನೇದು ಅರ್ಧ ಕಿಲೋಜೂಲ್, ಎರಡನೇದು 12 ಕಿಲೋಜೂಲ್. 24 ಪಟ್ಟು! ಸರಕು ಸೇರಿ 3 ಟನ್ ತೂಗೋ ಫೋರ್ಕ್‌ಲಿಫ್ಟ್ ಗಂಟೆಗೆ 10 ಕಿಲೋಮೀಟರ್ ಸ್ಪೀಡಲ್ಲಿ ಬಂದ್ರೆ ಅದರಲ್ಲಿರೋ ಎನರ್ಜಿ ಸುಮಾರು 11.6 ಕಿಲೋಜೂಲ್. ಎರಡನೇ ಕಂಬ ಅದನ್ನ ನಿಲ್ಲಿಸುತ್ತೆ, ಮೊದಲನೇದು ಮುರಿದು ಬೀಳುತ್ತೆ, ಗಾಡಿ ಹೆಚ್ಚುಕಮ್ಮಿ ಅದೇ ಸ್ಪೀಡಲ್ಲಿ ರ‍್ಯಾಕ್‌ಗೆ ಹೋಗಿ ಗುದ್ದುತ್ತೆ.

ಒಂದು ಮಾತು ಮರೀಬೇಡಿ, ಬಾಗೋ ಕಂಬಕ್ಕೆ ಬಾಗೋಕೆ ಜಾಗ ಬೇಕು. ಕಂಬಕ್ಕೂ ರ‍್ಯಾಕ್‌ಗೂ ಮಧ್ಯೆ ಒಂದು ಗೇಣು ಮಾತ್ರ ಬಿಟ್ರೆ ಆ 30 ಸೆಂಟಿಮೀಟರ್ ಎಲ್ಲಿಂದ ಬರ್ಬೇಕು?

ಪ್ರಶ್ನೆ: ಲ್ಯಾಬ್‌ಗೆ ಕಳ್ಸೋಕೆ ಆಗಲ್ಲ. ಪೈಪ್ ಕಂಬದ ಮೇಲೆ ಮರಳು ಚೀಲ ಒಂದೊಂದೇ ಪೇರಿಸ್ತಾ ಹೋಗಿ ಎಷ್ಟಕ್ಕೆ ಬೀಳುತ್ತೆ ಅಂತ ನಾವೇ ನೋಡ್ಬಹುದಾ?

ಉತ್ತರ: ದಯವಿಟ್ಟು ಬೇಡ. ಉದ್ದ ಕಂಬ ಮೊದಲೇ ಸೂಚನೆ ಕೊಟ್ಟು ಬೀಳಲ್ಲ, ನೆಟ್ಟಗೆ ನಿಂತಿರೋ ಹಾಗೇ ಕಾಣ್ತಿರುತ್ತೆ, ಇನ್ನೊಂದು ಚೀಲ ಇಟ್ಟ ತಕ್ಷಣ ಪಕ್ಕಕ್ಕೆ ಬಾಗಿ ಪೂರ್ತಿ ಭಾರ ನೆಲಕ್ಕೆ ಬರುತ್ತೆ, ಪಕ್ಕದಲ್ಲಿ ನಿಂತವರಿಗೆ ಓಡೋಕೆ ಟೈಮೇ ಇರಲ್ಲ.

ಅಪಾಯ ಪಕ್ಕಕ್ಕಿಟ್ರೂ ಆ ಟೆಸ್ಟಿಂದ ಅರ್ಧ ಉತ್ತರ ಮಾತ್ರ ಸಿಗೋದು. ಕಂಬ ಸೋಲೋಕೆ ಶುರುವಾದ್ಮೇಲೂ ಚೀಲದ ಭಾರ ಕಮ್ಮಿ ಆಗಲ್ಲ ನೋಡಿ, ಹಾಗಾಗಿ ಸೋಲೋ ಕ್ಷಣದ ತನಕ ಏನಾಯ್ತು ಅನ್ನೋದಷ್ಟೇ ಗೊತ್ತಾಗುತ್ತೆ, ಆಮೇಲಿನ ಕತೆ ಒಂದು ಕ್ಷಣದಲ್ಲಿ ಮುಗ್ದು ಹೋಗುತ್ತೆ. ಎನರ್ಜಿ ಬಹುಪಾಲು ಖರ್ಚಾಗೋದು ಆ ಆಮೇಲಿನ ಭಾಗದಲ್ಲೇ. ಅದಕ್ಕೇ ಲ್ಯಾಬ್‌ನಲ್ಲಿ ಯು.ಟಿ.ಎಂ. ಅನ್ನೋ, ವಸ್ತುಗಳನ್ನ ಒತ್ತಿ ಎಳೆದು ಪರೀಕ್ಷೆ ಮಾಡೋ ಮಷೀನಿಗೆ ಇಷ್ಟು ಭಾರ ಹಾಕು ಅಂತ ಹೇಳಲ್ಲ, ನಿಮಿಷಕ್ಕೆ ಇಷ್ಟು ಮಿಲಿಮೀಟರ್ ಕೆಳಗಿಳಿ ಅಂತ ಸೆಟ್ ಮಾಡ್ತಾರೆ, ಕಂಬ ಎಷ್ಟು ಎದುರು ಒತ್ತುತ್ತೆ ಅನ್ನೋದನ್ನ ಅದರಲ್ಲಿರೋ ಬಲ ಅಳೆಯೋ ಸಾಧನ, ಲೋಡ್ ಸೆಲ್, ಬರ್ಕೊಳ್ಳುತ್ತೆ.

ತೆಳು ಗೋಡೆಯ ಗಿಡ್ಡ ಚೌಕ ಪೈಪನ್ನ ಹೀಗೆ ಒತ್ತೋದನ್ನ ಹತ್ರದಿಂದ ನೋಡ್ಬೇಕು. ಮೊದ್ಲು ಗ್ರಾಫ್ ನೆಟ್ಟಗೆ ಮೇಲೇರುತ್ತೆ, ಪೈಪಲ್ಲಿ ಏನೂ ಕಾಣಲ್ಲ. ಮೈಗೆ ಸುಣ್ಣ ಬಳಿದಿದ್ರೆ ಒಂದು ಕಡೆ ಸಣ್ಣಗೆ ಪುಡಿ ಉದುರೋಕೆ ಶುರುವಾಗುತ್ತೆ, ಒಳಗೆ ಕಬ್ಬಿಣ ಸೋತಿರೋದು ಅಲ್ಲೇ. ಆಮೇಲೆ ಒಂದು ಮಡಿಕೆ ಬೀಳುತ್ತೆ, ಲೋಡ್ ಜರ್ರನೆ ಇಳಿಯುತ್ತೆ, ಮಡಿಕೆ ಪೂರ್ತಿ ಕೂತ್ಮೇಲೆ ಮತ್ತೆ ಏರುತ್ತೆ, ಅದರ ಪಕ್ಕಕ್ಕೆ ಎರಡನೇ ಮಡಿಕೆ, ಮೂರನೇದು, ಹಾರ್ಮೋನಿಯಂ ತಿದಿ ಮಡಿಚ್ಕೊಂಡ ಹಾಗೆ. ಕಾರಿನ ಮುಂದೆ ಬಂಪರ್ ಹಿಂದೆ ಇರೋ ಕ್ರ್ಯಾಶ್ ಬಾಕ್ಸ್ ಕೆಲ್ಸ ಮಾಡೋದೂ ಹೀಗೇನೇ. ಅದೇ ಪೈಪ್ ತುಂಬಾ ಉದ್ದ ಇದ್ರೆ ಮಡಿಕೆ ಬೀಳೋ ಮುಂಚೆಯೇ ನಡು ಬಾಗಿ ಎರಡಾಗಿ ಮಡಚುತ್ತೆ, ಆಗ ಅದು ಹೀರೋ ಎನರ್ಜಿ ತೀರಾ ಕಮ್ಮಿ.

ಇನ್ನೊಂದು, ನಿಧಾನಕ್ಕೆ ಒತ್ತಿದ ರಿಸಲ್ಟೇ ಡಿಕ್ಕಿಗೂ ಸರಿಹೋಗುತ್ತೆ ಅನ್ನೋ ಹಾಗಿಲ್ಲ. ಮಾಮೂಲಿ ಕಬ್ಬಿಣ ಏಟಿನ ವೇಗಕ್ಕೆ ಸ್ವಲ್ಪ ಜಾಸ್ತಿ ಬಿಗಿಯಾಗುತ್ತೆ, ಕೆಟ್ಟ ವೆಲ್ಡಿಂಗ್ ಇದ್ರೆ ನಿಧಾನಕ್ಕೆ ಒತ್ತಿದಾಗ ಬಾಗೋ ಕಂಬ ಏಟಿಗೆ ಬಿಟ್ಕೊಂಡು ಬರಬಹುದು. ಅದಕ್ಕೆ ಭಾರ ಬೀಳಿಸೋ ಟೆಸ್ಟ್ ಬೇರೆ ಇದೆ. 500 ಕೆಜಿ ಗುಂಡನ್ನ 4 ಮೀಟರ್ ಮೇಲಿಂದ ಬಿಟ್ರೆ ಗಂಟೆಗೆ ಸುಮಾರು 32 ಕಿಲೋಮೀಟರ್ ವೇಗದಲ್ಲಿ ಬಂದು ಬಡಿಯುತ್ತೆ, ಅದ್ರಲ್ಲಿ 19.6 ಕಿಲೋಜೂಲ್ ಇರುತ್ತೆ.

ಪ್ರಶ್ನೆ: ಕಂಬದ ಎತ್ತರ ಎರಡರಷ್ಟು ಮಾಡಿದ್ರೆ ತಾಕತ್ತು ಅರ್ಧ ಆಗುತ್ತಾ?

ಉತ್ತರ: ಇಲ್ಲ, ತೆಳ್ಳಗೆ ಉದ್ದ ಇರೋ ಕಂಬದಲ್ಲಿ ಮೇಲಿನ ಭಾರ ಹೊರೋ ತಾಕತ್ತು ಕಾಲು ಭಾಗಕ್ಕೆ ಇಳಿಯುತ್ತೆ. ಇದನ್ನ 18ನೇ ಶತಮಾನದಲ್ಲೇ ಗಣಿತಜ್ಞ ಆಯ್ಲರ್ ಲೆಕ್ಕ ಹಾಕಿಟ್ಟಿದಾರೆ. ತುದಿ ಹೇಗೆ ಹಿಡಿದಿದೆ ಅನ್ನೋದೂ ಅಷ್ಟೇ ಮುಖ್ಯ, ಬುಡ ಬಿಗಿದು ತಲೆ ಹಾಗೇ ಬಿಟ್ಟ ಕಂಬ, ಎರಡೂ ತುದಿ ಕೀಲಿನ ಹಾಗೆ ನಿಂತ ಕಂಬದ ಕಾಲು ಭಾಗ ಮಾತ್ರ ತಡೆಯುತ್ತೆ. ಹಾಗೇನೇ ಭಾರ ಮಧ್ಯದಲ್ಲೇ ಕೂರ್ಬೇಕು. 12 ಸೆಂಟಿಮೀಟರ್ ಚೌಕದ ಮರದ ಕಂಬದ ಮೇಲೆ ಭಾರ 2 ಸೆಂಟಿಮೀಟರ್ ಪಕ್ಕಕ್ಕೆ ಸರಿದ್ರೂ ಸಾಕು, ಆ ಕಡೆ ಅಂಚಿನಲ್ಲಿ ಒತ್ತಡ ಡಬಲ್!

ಪ್ರಶ್ನೆ: ರಸ್ತೆ ಪಕ್ಕದ ಲೈಟ್ ಕಂಬ ಕಾರು ಗುದ್ದಿದ್ರೆ ಬಿದ್ದು ಹೋಗೋ ಹಾಗೆ ಮಾಡ್ತಾರಂತೆ, ಇದು ಕಳಪೆ ಕೆಲ್ಸ ಅಲ್ವಾ?

ಉತ್ತರ: ಅಲ್ಲ. ಅಲ್ಲಿ ಕಾಪಾಡ್ಬೇಕಾಗಿರೋದು ಕಾರೊಳಗೆ ಕೂತವರನ್ನ. 900 ಕೆಜಿ ಕಾರು 100 ಕಿಲೋಮೀಟರ್ ಸ್ಪೀಡಲ್ಲಿದ್ರೆ ಅದರ ಎನರ್ಜಿ ಸುಮಾರು 347 ಕಿಲೋಜೂಲ್, ಅಲ್ಲಾಡದ ಕಂಬಕ್ಕೆ ಗುದ್ದಿದ್ರೆ ಅಷ್ಟೂ ಕಾರಿನ ಮೈಯಲ್ಲೇ ಮುಗೀಬೇಕು. ಯುರೋಪಿನ ಇಎನ್ 12767 ಅನ್ನೋ ಸ್ಟ್ಯಾಂಡರ್ಡ್ ಇದಕ್ಕೇ ಇರೋದು. ಅದ್ರಲ್ಲಿ ನಿಜವಾದ ಕಾರನ್ನೇ ಕಂಬಕ್ಕೆ ಗುದ್ದಿಸಿ, ಗುದ್ದಿ ದಾಟಿದ ಮೇಲೆ ಕಾರಿನ ಸ್ಪೀಡ್ ಎಷ್ಟು ಉಳೀತು ಅಂತ ನೋಡ್ತಾರೆ. 100ರಲ್ಲಿ ಗುದ್ದಿದ ಕಾರು 50 ಅಥವಾ ಅದಕ್ಕಿಂತ ಕಮ್ಮಿಗೆ ಇಳಿದ್ರೆ ಆ ಕಂಬ ಜಾಸ್ತಿ ಎನರ್ಜಿ ಹೀರೋ ವರ್ಗ, ಅಂದ್ರೆ ಕಾರಿನ ಎನರ್ಜಿಯಲ್ಲಿ ಕನಿಷ್ಠ ಮುಕ್ಕಾಲು ಭಾಗ ಖರ್ಚಾಯ್ತು ಅಂತ. 50ರಿಂದ 70ರ ಒಳಗೆ ಉಳಿದ್ರೆ ಕಮ್ಮಿ ಹೀರೋದು, 70ಕ್ಕಿಂತ ಮೇಲೆ ಉಳಿದ್ರೆ ಹೀರದೇ ಇರೋದು. ಮೂರಕ್ಕೂ ಅವುಗಳದೇ ಜಾಗ ಇದೆ. ಕಂಬದ ಹಿಂದೆ ಜನ ಓಡಾಡೋ ಕಡೆ ಹೀರೋ ಕಂಬ ಬೇಕು, ಹಿಂದೆ ಬರೀ ಬಯಲಿದ್ರೆ ತಟ್ಟನೆ ಕಳಚ್ಕೊಂಡು ಕಾರಿಗೆ ದಾರಿ ಬಿಡೋದೇ ಒಳ್ಳೇದು. ಜೊತೆಗೆ ಗಂಟೆಗೆ 35 ಕಿಲೋಮೀಟರಲ್ಲೂ ಒಂದು ಟೆಸ್ಟ್ ಮಾಡ್ತಾರೆ, ಯಾಕಂದ್ರೆ ಜೋರು ಏಟಿಗೆ ಕಳಚೋ ಕಂಬ ಸಣ್ಣ ಏಟಿಗೆ ಕಳಚದೇ ನಿಂತುಬಿಡಬಹುದು.

ಪ್ರಶ್ನೆ: ಕಾಂಕ್ರೀಟ್ ಕಂಬ ಬಾಗಲ್ವಲ್ಲ, ಅದು ಹೇಗೆ ಎನರ್ಜಿ ತಡ್ಕೊಳ್ಳುತ್ತೆ?

ಉತ್ತರ: ಒಳಗಿನ ರಿಂಗ್‌ಗಳಿಂದ, ಅಂದ್ರೆ ಉದ್ದ ಕಂಬಿಗಳ ಸುತ್ತ ಅಡ್ಡಕ್ಕೆ ಕಟ್ಟೋ ಕಂಬಿಗಳಿಂದ. ಬರೀ ಕಾಂಕ್ರೀಟ್ ಒತ್ತಿದ್ರೆ ಪಕ್ಕಕ್ಕೆ ಉಬ್ಬಿ ಒಡೆಯುತ್ತೆ, ರಿಂಗ್ ಹತ್ತಿರ ಹತ್ತಿರ ಇದ್ರೆ ಆ ಉಬ್ಬನ್ನ ಹಿಡ್ಕೊಳ್ಳುತ್ತೆ. 1971ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಫರ್ನಾಂಡೋ ಭೂಕಂಪ ಆದಾಗ ಆಲಿವ್ ವ್ಯೂ ಆಸ್ಪತ್ರೆಯಲ್ಲಿ ಇದು ಕಣ್ಣಿಗೆ ಕಾಣೋ ಹಾಗೆ ಆಯ್ತು. ದೂರ ದೂರ ರಿಂಗ್ ಕಟ್ಟಿದ್ದ ಕಂಬಗಳು ಪುಡಿಯಾದ್ವು. ಸ್ಪ್ರಿಂಗ್ ಥರ ಒತ್ತಾಗಿ ಸುತ್ತಿದ್ದ ಕಂಬಗಳ ಹೊರಗಿನ ಸಿಪ್ಪೆ ಎಲ್ಲಾ ಉದುರಿ ಹೋದ್ರೂ, ಕಂಬ ವಾಲಿದ್ರೂ, ಒಳಗಿನ ತಿರುಳು ಕಂಬಿ ಬಲೆಯೊಳಗೆ ಹಾಗೇ ಉಳಿದು ಮೇಲಿನ ಮಹಡಿಗಳನ್ನ ಹೊತ್ಕೊಂಡೇ ನಿಂತಿತ್ತು. ನಿಮ್ಮ ಕಂಬಕ್ಕೆ ಕಾಂಕ್ರೀಟ್ ಹಾಕೋ ಮುಂಚೆ ಟೇಪ್ ಹಿಡಿದು ರಿಂಗ್‌ಗಳ ಅಂತರ ಅಳೀರಿ, ಅದರಲ್ಲೂ ಬುಡದಲ್ಲಿ ಮತ್ತು ಬೀಮ್ ಸೇರೋ ಜಾಗದಲ್ಲಿ. ಡ್ರಾಯಿಂಗಲ್ಲಿ ಇರೋದಕ್ಕಿಂತ ಜಾಸ್ತಿ ಬಿಟ್ಟಿದ್ರೆ ಬಿಚ್ಚಿ ಮತ್ತೆ ಕಟ್ಟೋಕೆ ಹೇಳಿ, ಕಾಂಕ್ರೀಟ್ ಬಿದ್ಮೇಲೆ ಹೊರಗಿನಿಂದ ನೋಡಿ ಹೇಳೋಕಾಗಲ್ಲ.