ಮೇಷ್ಟ್ರು ಇಟ್ಟ ಅಡ್ಡಹೆಸರು: ಏಳನೇ ತರಗತಿಯ ಒಂದು ಪ್ರಕರಣ

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ತುಮಕೂರಿನ ಹತ್ತಿರದ ಒಂದು ಶಾಲೆ. ಹುಡುಗನ ಅಪ್ಪ ಅಮ್ಮ ಅಸ್ಸಾಂನವರು, ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ. ಹೊಟ್ಟೆನೋವು ಅಂತ ಪದೇ ಪದೇ ರಜೆ ಹಾಕುತ್ತಿದ್ದ. ಡಾಕ್ಟರ್ ಏನೂ ಇಲ್ಲ ಅಂದ ಮೇಲೆ ಕ್ಲಾಸ್ ಟೀಚರ್ ಕೌನ್ಸೆಲರ್ ಆದ ನನ್ನ ಹತ್ತಿರ ಕಳಿಸಿದರು.

ಅವನು ಬಾಯಿ ಬಿಡಲಿಲ್ಲ. ಹಾಳೆ ಕೊಟ್ಟೆ. ಬಿಸಿಯೂಟದ ಸಾಲಿನ ಚಿತ್ರ ಬರೆದ. ಎಲ್ಲರಿಗೂ ಗುಂಡು ಕಣ್ಣು, ತನಗೆ ಮಾತ್ರ ಎರಡು ಗೆರೆ. "ಗೂರ್ಖಾ, ಗೇಟ್ ಕಾಯೋಗು ಅಂತಾರೆ ಮಿಸ್. ನಾಯಿ ತಿಂತೀಯಾ ಅಂತಾರೆ."

ಸ್ಟಾಫ್‌ರೂಮಿನಲ್ಲಿ ಕೇಳಿದರೆ ಅದೇ ಮಾತು: "ಮಕ್ಕಳು ಸುಮ್ನೆ ತಮಾಷೆ ಮಾಡ್ತಾರೆ ಮೇಡಂ." ಆಮೇಲೆ ಗೊತ್ತಾಯಿತು, ಪಿಟಿ ಮೇಷ್ಟ್ರು ಅವನನ್ನು, ಗೇಟ್ ಕಾಯುವ ನೇಪಾಳಿಗಳನ್ನು ಕರೆಯೋ ಹಾಗೆ, "ಏ ಬಹದ್ದೂರ್" ಅಂತಲೇ ಕರೆಯುತ್ತಿದ್ದರು. ಪ್ರೀತಿಯಿಂದಲೇ, ಅನುಮಾನವಿಲ್ಲ. ಆದರೆ ಮೇಷ್ಟ್ರೇ ಅಂದ ಮೇಲೆ ಮಕ್ಕಳಿಗೆ ಇನ್ಯಾರ ಭಯ? ಇಂಥ ತಮಾಷೆ ಎಲ್ಲಿಗೆ ಹೋಗುತ್ತೆ ಅನ್ನೋದಕ್ಕೆ 2014ರ ದೆಹಲಿ ನೆನಪಿಸಿದೆ. ಅರುಣಾಚಲದ ವಿದ್ಯಾರ್ಥಿ ನಿಡೊ ತಾನಿಯಾನ ಕೂದಲು ನೋಡಿ ಅಂಗಡಿಯಲ್ಲಿ ಆಡಿಕೊಂಡರು. ಜಗಳವಾಯಿತು, ಹೊಡೆದರು, ಮರುದಿನ ಅವನು ಸತ್ತ.

ಶಿಕ್ಷಕರಿಗೆ ಹೇಳಿದ್ದು ಇಷ್ಟು. ಹಾಜರಿಗೆ ಅವನ ಹೆಸರನ್ನು ಅವನ ಬಾಯಿಂದಲೇ ಕೇಳಿ ಕಲಿಯಿರಿ. ಅಂಥ ಮಾತು ಕಿವಿಗೆ ಬಿದ್ದರೆ ಅಲ್ಲೇ ತಡೆಯಿರಿ, ಭಾಷಣ ಬೇಡ. ಅಂದವರನ್ನು ಒಬ್ಬೊಬ್ಬರನ್ನಾಗಿ ಕರೆದು ಮಾತಾಡಿಸಿ. ಆಡಿದ ಮಾತನ್ನು ಆಡಿದ ಹಾಗೇ, ತಾರೀಖು ಹಾಕಿ ಬರೆದಿಡಿ. ಬರೀ "ಗಲಾಟೆ" ಅಂತ ಬರೆದರೆ ಮುಂದಿನ ವರ್ಷದ ಟೀಚರಿಗೆ ಏನು ತಿಳಿಯುತ್ತೆ? ಎಲ್ಲರೆದುರು ಕೈ ಕುಲುಕಿಸುವುದಂತೂ ಬೇಡವೇ ಬೇಡ. ಇಷ್ಟವಿಲ್ಲದಿದ್ದರೂ ಅವನು ಹೂಂ ಅನ್ನಲೇಬೇಕಲ್ವಾ? ಅವನನ್ನು ಬೇರೆ ಸೆಕ್ಷನ್‌ಗೆ ಹಾಕಿದರೆ ಶಿಕ್ಷೆ ಅವನಿಗೇ ಆಯಿತು.

ಹಾಗಂತ ಅಂದವರಿಗೆ ಬೆತ್ತವೂ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಸೆಕ್ಷನ್ ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. "ಬಹದ್ದೂರ್ ಅನ್ನೋದೂ ಅದರಲ್ಲೇ ಬರುತ್ತೆ ಸಾರ್" ಅಂದೆ. ಪಿಟಿ ಮೇಷ್ಟ್ರ ಮುಖ ಸಪ್ಪಗಾಯಿತು. ಸಂಜೆ ಹುಡುಗನನ್ನು ಪಕ್ಕಕ್ಕೆ ಕರೆದು "ತಪ್ಪಾಯ್ತು ಕಣೋ" ಅಂದರಂತೆ. ನಾನು ಹೇಳಿಕೊಟ್ಟದ್ದಲ್ಲ.

ಅಮ್ಮನಿಗೆ ಕನ್ನಡ ಬರಲ್ಲ. ಮೀಟಿಂಗಿನಲ್ಲಿ ಮಗನೇ ಹಿಂದಿಗೆ ತಿರುಗಿಸಿ ಹೇಳುತ್ತಿದ್ದ, ಜಾಸ್ತಿ ನೋವಾಗುವ ಮಾತು ಬಂದಾಗ ನುಂಗಿಬಿಡುತ್ತಿದ್ದ. ಈಗ ಹಿಂದಿ ಟೀಚರ್ ಕೂರುತ್ತಾರೆ. ಅವರ ಕೈಯಲ್ಲೇ ಅಮ್ಮನಿಗೆ ಮಕ್ಕಳ ಸಹಾಯವಾಣಿ 1098 ಬರೆಸಿಕೊಟ್ಟಿದ್ದೇವೆ.